ಕಾವಲಿಯ ಮೇಲಿನ ಅಜ್ಜಿಯರು

ಓಪಲ್ ಸ್ಟಬ್ಸ್ ಕೋಸು ಹುಳಿಬರಿಸಲು ಹೊರಟಿದ್ದೇ ಎಲ್ಲದಕ್ಕೂ ಮೂಲ. ಹೆಚ್ಚಿದ ಎಲೆಕೋಸಿಗೆ ಉಪ್ಪು ಬೆರೆಸಿ, ಭರಣಿಗೆ ತುಂಬಿ, ಮೇಲೊಂದು ಮರದ ಹಲಗೆ ಇಟ್ಟು, ಅದರ ಮೇಲೆ ಭಾರ ಹೇರಬೇಕು. ಭಾರಕ್ಕೆಂದು ಇದ್ದ ಹಳೆಯ ಕಲ್ಲು ಒಡೆದುಹೋಗಿತ್ತು. ಸಂಜೆ ಬರುವಾಗ ಕಲ್ಲಂಗಡಿ ಗಾತ್ರದ ಒಳ್ಳೆಯ ಕಲ್ಲೊಂದನ್ನು ತರಬೇಕು, ಮರೆಯಬಾರದು ಎಂದು ಗಂಡನಿಗೆ ಹೇಳಿ ಕಳಿಸಿದಳು.

ಡೆಲ್ಮರ್ ಸ್ಟಬ್ಸ್ ಮರೆಯಲಿಲ್ಲ. ಅವನ ಬಾಳಿನ ತೊಂದರೆಗಳೆಲ್ಲ ಅವನು ಮರೆಯದೆ ಮಾಡಿದ ಕೆಲಸಗಳಿಂದಲೇ ಬಂದವು.

ಅವನು ಲಾಸ್ಟ್ ಮ್ಯೂಲ್ ಎಂಬ ಊರಿಗೆ ನೀರು ತರುವ ಸರಕಾರಿ ಟ್ಯಾಂಕರಿನ ಚಾಲಕ. ಆ ಸಂಜೆ ಖಾಲಿ ಟ್ಯಾಂಕರ್ ಓಡಿಸಿಕೊಂಡು ಬರುವಾಗ ಹೆಂಡತಿಯ ಮಾತು ನೆನಪಾಗಿ ಕಾವಲಿಯ ದಂಡೆಯಲ್ಲಿ ನಿಲ್ಲಿಸಿದ. ಮಬ್ಬುಗತ್ತಲು. ಕೆಸರಿನಂಚಿನಲ್ಲಿ ಕರಿಗಲ್ಲೊಂದು ಬಿದ್ದಿತ್ತು. ತಳ ಚಪ್ಪಟೆ, ಮೈ ಗುಂಡಗೆ, ಭರಣಿಗೆ ಹೇಳಿ ಮಾಡಿಸಿದಂತಿತ್ತು. ಎತ್ತಿ ಸೀಟಿನ ಮೇಲಿಟ್ಟುಕೊಂಡು ಮನೆಗೆ ಬಂದ. ಓಪಲ್ ಅದನ್ನು ತೊಳೆದು, ಎರಡೂ ಕಡೆ ತಿರುಗಿಸಿ ನೋಡಿ, "ಪರವಾಗಿಲ್ಲ, ಮದುವೆಯಾದಮೇಲೆ ಮೊದಲನೇ ಸಲ ಹೇಳಿದ್ದನ್ನೇ ತಂದಿದ್ದೀಯ" ಎಂದು ಭರಣಿಯೊಳಗಿಟ್ಟು ಬಾಯಿಗೆ ಬಟ್ಟೆ ಹೊದಿಸಿದಳು.

ಕಾವಲಿ ಎಂದರೆ ಊರಾಚೆಯ ಒಣಕೆರೆ. ರೊಟ್ಟಿ ಸುಡುವ ಕಾವಲಿಯಷ್ಟೇ ಸಪಾಟು, ಬೇಸಿಗೆಯಲ್ಲಿ ಅದರಷ್ಟೇ ಬಿಸಿ. ಅದರ ಮೇಲೆ ಅಲ್ಲಲ್ಲಿ ಕಲ್ಲುಗಳು ಕೂತಿವೆ. ಒಂದೊಂದು ಕಲ್ಲಿನ ಹಿಂದೆಯೂ ಯಾರೋ ಎಳೆದುಕೊಂಡು ಹೋದಂತೆ ಉದ್ದನೆಯ ಗೀರು. ಕೆಲವು ಗೀರು ದಾರ ಹಿಡಿದಂತೆ ನೇರ, ಕೆಲವು ಕುಡಿದವನು ಮನೆಗೆ ಹೋದ ಹಾದಿಯಂತೆ. ಎಳೆದವರು ಯಾರೂ ಇಲ್ಲ. ಕಲ್ಲು ಹೋಗುವುದನ್ನು ಕಣ್ಣಾರೆ ಕಂಡವರೂ ಇಲ್ಲ. ಗಾಳಿ ತಳ್ಳುತ್ತದೆ ಎಂದು ಕೆಲವರು, ನೆಲದಡಿ ಅಯಸ್ಕಾಂತವಿದೆ ಎಂದು ಕೆಲವರು. ಪೆಟ್ರೋಲ್ ಬಂಕಿನ ಹಾಯ್ಟ್ ಗ್ಯಾಂಬಲ್‌ನ ಪ್ರಕಾರ ಕಲ್ಲುಗಳು ಇದ್ದಲ್ಲೇ ಇರುತ್ತವೆ, ಅವುಗಳ ಅಡಿಯಲ್ಲಿ ಭೂಮಿಯೇ ಸರಿಯುತ್ತದೆ. ಈ ವಾದಕ್ಕೆ ಯಾರೂ ಉತ್ತರ ಕೊಡದಿದ್ದುದರಿಂದ ತಾನು ಗೆದ್ದೆನೆಂದೇ ಅವನು ತಿಳಿದಿದ್ದ.

ಊರಿನ ಒಂದೊಂದು ಮನೆತನಕ್ಕೂ ಅಲ್ಲಿ ಒಂದೊಂದು ಕಲ್ಲು. ಪ್ರತಿ ಕಲ್ಲಿಗೂ ತೀರಿಹೋದ ಹಿರಿಯಳೊಬ್ಬಳ ಹೆಸರು. ಯಾರ ಅಜ್ಜಿ ಎಷ್ಟು ದೂರ ಹೋದಳು ಎಂಬುದರ ಮೇಲೆ ಮನೆಯ ಮಾನ ನಿಂತಿತ್ತು. ಎಲ್ಲರಿಗಿಂತ ಮುಂದೆ ಇದ್ದವಳು ಹೋಟೆಲಿನ ಲವೀನಿಯಾ ಕ್ರೌಚ್‌ಳ ಅಜ್ಜಿ ಯೂಫೀಮಿಯಾ. ಅವಳು ಅರ್ಧ ಕಾವಲಿಯನ್ನೇ ದಾಟಿ ದಂಡೆಯ ಹತ್ತಿರ ಬಂದಿದ್ದಳು. ಆ ಹೆಮ್ಮೆಯಲ್ಲಿ ಲವೀನಿಯಾ ಕಾಫಿ ಬಡಿಸುವಾಗಲೂ ಗದ್ದ ಎತ್ತಿಯೇ ಬಡಿಸುತ್ತಿದ್ದಳು.

ಆ ವಾರ ದೂರದಿಂದ ಡಾಕ್ಟರ್ ಪೆಲ್ಹಮ್ ಎಂಬ ಭೂವಿಜ್ಞಾನಿ ಬಂದಿದ್ದರು. ಈ ಕಲ್ಲುಗಳು ಪ್ರಕೃತಿಯ ಸೋಜಿಗವೇ ಹೌದು ಎಂದು ಅವರು ವರದಿ ಕೊಟ್ಟರೆ ಊರಿಗೆ ಟಾರು ರಸ್ತೆ ಬರುತ್ತದೆ, ರಸ್ತೆ ಬಂದರೆ ನೋಡುವ ಜನ ಬರುತ್ತಾರೆ. ಬೆಳ್ಳಿಯ ಗಣಿ ಮುಚ್ಚಿದಮೇಲೆ ಊರಿಗೆ ಉಳಿದಿದ್ದ ಆಸೆ ಅದೊಂದೇ. ಹಾಗಾಗಿ 'ಕಲ್ಲು ಮುಟ್ಟಿದವರಿಗೆ ಜೈಲು' ಎಂದು ಊರವರು ದಂಡೆಯಲ್ಲಿ ಬೋರ್ಡು ಹಾಕಿಸಿದ್ದರು. ಗುಂಡಿ ತೋಡಿ ಆ ಬೋರ್ಡು ನೆಟ್ಟವನು ಡೆಲ್ಮರನೇ, ಆ ಸಂಜೆಯ ಮಬ್ಬಿನಲ್ಲಿ ಬೋರ್ಡೂ ಗೀರೂ ಕಾಣದೆ ಹೋದವನೂ ಅವನೇ.

ಮರುದಿನ ಬೆಳಿಗ್ಗೆ ಹೋಟೆಲಿಗೆ ನೀರು ಬಿಡಲು ಹೋದರೆ ಊರಿಗೆ ಊರೇ ಅಲ್ಲಿ ಸೇರಿತ್ತು. ಡಾಕ್ಟರ್ ಪೆಲ್ಹಮ್ ಬೆಳಕು ಹರಿಯುತ್ತಿದ್ದಂತೆ ಕಾವಲಿಗೆ ಹೋಗಿ ಬಂದಿದ್ದರು. ಯೂಫೀಮಿಯಾಳ ಗೀರು ಇದೆ, ಯೂಫೀಮಿಯಾ ಇಲ್ಲ. ಗೀರು ಊರಿನ ಕಡೆಗೇ ತೋರಿಸುತ್ತಾ ದಂಡೆಯ ಬಳಿ ತಟ್ಟನೆ ನಿಂತುಹೋಗಿದೆ.

ಡೆಲ್ಮರನ ಕೈಯಲ್ಲಿದ್ದ ನೀರಿನ ಕೊಳವೆ ಪೀಪಾಯಿಯನ್ನು ಬಿಟ್ಟು ಹಾಯ್ಟ್‌ನ ಬೂಟಿನೊಳಕ್ಕೆ ನೀರು ತುಂಬತೊಡಗಿತು.

ಒಳಗೆ ವಾದ ಕಾವೇರಿತ್ತು. ಕಲ್ಲು ಹಾರಿಹೋಗಿದೆ ಎಂದು ಒಬ್ಬರು, ಕೆಸರಿನಲ್ಲಿ ಹೂತುಹೋಗಿದೆ ಎಂದು ಇನ್ನೊಬ್ಬರು. ಡಾಕ್ಟರ್ ಪೆಲ್ಹಮ್ ಮಾತ್ರ ಮೊಟ್ಟೆ ತಿನ್ನುತ್ತಾ, ಕಲ್ಲಿಗೆ ಕಾಲಿಲ್ಲ, ಕಾಲಿರುವವರು ಯಾರೋ ಎತ್ತಿದ್ದಾರೆ ಎಂದು ತಣ್ಣಗೆ ಹೇಳಿದರು. ಯಾರೋ ಊರವನೇ ಈ ಕಲ್ಲುಗಳನ್ನು ಎಳೆದಾಡುತ್ತಿದ್ದಾನೆಂದು ಅವರಿಗೆ ಮೊದಲಿನಿಂದಲೂ ಗುಮಾನಿ. ಅವನು ಸಿಗುವವರೆಗೂ ತಾವು ಊರು ಬಿಡುವುದಿಲ್ಲ ಎಂದರು.

ಲವೀನಿಯಾ ಸೆರಗಿಲ್ಲದ್ದರಿಂದ ಏಪ್ರನ್ನಿನ ಅಂಚಿನಲ್ಲಿ ಕಣ್ಣೊರಸಿಕೊಂಡಳು. "ನಮ್ಮಜ್ಜಿ ಬದುಕಿದ್ದಾಗಲೂ ಹಾಗೇ. ಜನ ತನ್ನನ್ನೇ ನೋಡ್ತಾ ಕೂತ್ರೆ ಎದ್ದು ಹೋಗ್ಬಿಡೋಳು. ನೋಡ್ತಾ ಇರಿ, ಅವಳು ಮನೆಗೇ ಹೊರಟಿದಾಳೆ."

ಡೆಲ್ಮರ್ ಕೊಳವೆ ಸುತ್ತಿದ್ದೂ ಇಲ್ಲ, ನಲ್ಲಿ ನಿಲ್ಲಿಸಿದ್ದೂ ಇಲ್ಲ. ದಾರಿಯುದ್ದಕ್ಕೂ ನೀರು ಚೆಲ್ಲಿಕೊಂಡು ಮನೆಗೆ ಓಡಿಸಿದ. ಓಪಲ್‌ಗೆ ಹೇಳಿದರೆ ಅವಳು ಬೈಯುತ್ತಾಳೆ. ಬೈದರೆ ಪಕ್ಕದ ಮನೆಗೆ ಕೇಳಿಸುತ್ತದೆ. ಅಲ್ಲಿಂದ ಇಡೀ ಊರಿಗೆ. ಅವಳಿಗೆ ತಿಳಿಯದಂತೆಯೇ ಕಲ್ಲು ತೆಗೆಯಬೇಕು ಎಂದು ನಿಶ್ಚಯಿಸಿಕೊಂಡು ಹಿತ್ತಲ ಬಾಗಿಲಿಂದ ಅಡುಗೆಮನೆಗೆ ನುಗ್ಗಿದ.

ಲವೀನಿಯಾ ಅವನಿಗಿಂತ ಮೊದಲೇ ಬಂದಿದ್ದಳು. ಓಪಲ್‌ಳಿಂದ ಸಮಾಧಾನದ ಮಾತು ಕೇಳಲು ತನ್ನ ಕಾರಿನಲ್ಲಿ ಅಡ್ಡದಾರಿ ಹಿಡಿದು ಬಂದವಳು ಭರಣಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಭರಣಿಯ ಮೇಲೆ ಮೊಣಕೈಯೂರಿ, ಅಜ್ಜಿಯ ಗುಣಗಾನ ಮಾಡುತ್ತಿದ್ದಳು. ಅಜ್ಜಿ ತನ್ನನ್ನು ಎಷ್ಟು ಹಚ್ಚಿಕೊಂಡಿದ್ದಳೆಂದರೆ, ಈಗಲೂ ಎಲ್ಲೋ ತನ್ನ ಹತ್ತಿರವೇ ಇದ್ದಾಳೆ ಅನ್ನಿಸುತ್ತಿದೆಯಂತೆ.

ಡೆಲ್ಮರ್ ಭರಣಿಯ ಕಡೆ ಒಂದು ಹೆಜ್ಜೆ ಇಟ್ಟ.

"ಪಾಪ, ಒಂದು ಚೂರು ಕೋಸಾದ್ರೂ ತಿನ್ನಿ ಲವೀನಿಯಮ್ಮ. ನಿನ್ನೆ ಹಾಕಿದ್ದು, ಹುಳಿ ಇನ್ನೂ ಹಿಡಿದಿಲ್ಲ, ಆದ್ರೂ ರುಚಿ ನೋಡಿ" ಎಂದು ಓಪಲ್ ಭರಣಿಯ ಬಟ್ಟೆಗೆ ಕೈ ಹಾಕಿದಳು.

"ಬೇಡ" ಎಂದ ಡೆಲ್ಮರ್.

ಇಬ್ಬರೂ ತಿರುಗಿದರು. ಏನಾದರೂ ಹೇಳಲೇಬೇಕಿತ್ತು.

"ಅದರೊಳಗೆ ಇಲಿ ಬಿದ್ದಿದೆ."

ಓಪಲ್‌ಳ ಮುಖ ಮೊದಲು ಬಿಳಿಚಿತು, ಆಮೇಲೆ ಬೀಟ್‌ರೂಟಿನಂತಾಯಿತು. ತನ್ನ ಅಡುಗೆಮನೆಯ ಭರಣಿಯಲ್ಲಿ ಇಲಿ, ಅದೂ ಹೋಟೆಲು ನಡೆಸುವ ಹೆಂಗಸಿನ ಎದುರಿಗೆ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಕಿದ ರಭಸಕ್ಕೆ ಗೋಡೆಯ ತಟ್ಟೆಯೊಂದು ಕೆಳಗೆ ಬಿತ್ತು. ಲವೀನಿಯಾ ಮೊಣಕೈ ಒರೆಸಿಕೊಳ್ಳುತ್ತಾ, ತಾನು ಹೊರಗೆ ಟ್ಯಾಂಕರಿನ ಬಳಿ ಕಾಯುವುದಾಗಿಯೂ, ಊರವರೆಲ್ಲ ಕಾವಲಿಗೆ ಹೊರಟಿರುವುದಾಗಿಯೂ, ತನ್ನ ಕಾರು ಕೆಸರಿಗೆ ಆಗದಾದ್ದರಿಂದ ಡೆಲ್ಮರನೇ ಕರೆದೊಯ್ಯಬೇಕೆಂದೂ ಹೇಳಿ ಆಚೆ ನಡೆದಳು.

ಅವನು ಭರಣಿಗೆ ಕೈಹಾಕಿ ಯೂಫೀಮಿಯಾಳನ್ನು ಎತ್ತಿದ. ಭಾರಕ್ಕೆ ಬದಲು ಏನು ಇಡುವುದೆಂದು ಸುತ್ತ ನೋಡಿ, ಕೈಗೆ ಸಿಕ್ಕ ಇಸ್ತ್ರಿಪೆಟ್ಟಿಗೆಯನ್ನೇ ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿದ. ಕಲ್ಲನ್ನು ದಪ್ಪ ಕೋಟಿನೊಳಗೆ ಹೊಟ್ಟೆಗೆ ಅವಚಿಕೊಂಡು ಗುಂಡಿ ಹಾಕಿಕೊಂಡ. ಕೊರೆಯುವ ಉಪ್ಪುನೀರು ಷರ್ಟು ತೋಯಿಸಿ ಚಡ್ಡಿಯೊಳಕ್ಕೆ ಇಳಿಯಿತು.

ಟ್ಯಾಂಕರಿನಲ್ಲಿ ಲವೀನಿಯಾಳ ಜೊತೆ, ಕಾವಲಿಗೆ ಹೊರಟಿದ್ದ ಹಾಯ್ಟ್ ಕೂಡ ಹತ್ತಿ ಕೂತಿದ್ದ. ಡೆಲ್ಮರ್ ಸ್ಟಿಯರಿಂಗ್ ಹಿಂದೆ ತೂರಿಕೊಳ್ಳಲು ಪಟ್ಟ ಪಾಡು ನೋಡಿ ಹಾಯ್ಟ್, ಹೊಟ್ಟೆ ಯಾಕೆ ಹೀಗೆ ಉಬ್ಬಿದೆ ಎಂದು ಕೇಳಿದ. ವಾಯು ಎಂದ ಡೆಲ್ಮರ್. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೋಸಿನ ವಾಸನೆ ಎದ್ದಿತು. ಹಾಯ್ಟ್ ಮೂಗರಳಿಸಿ, ಲವೀನಿಯಾಳ ಮುಖ ನೋಡಿ, ಅವಳು ಅವನ ಮುಖ ನೋಡಿ, ಇಬ್ಬರೂ ಮೆಲ್ಲನೆ ಡೆಲ್ಮರನ ಹೊಟ್ಟೆ ನೋಡಿ, ಅಷ್ಟು ಚಳಿಯಲ್ಲೂ ತಮ್ಮ ಕಡೆಯ ಕಿಟಕಿಗಾಜನ್ನು ಪೂರ್ತಿ ಇಳಿಸಿದರು.

"ಬಹಳ ದಿನದಿಂದ ಇದೆಯೇನಪ್ಪಾ?" ಎಂದು ಲವೀನಿಯಾ ಮರುಕದಿಂದ ಕೇಳಿದಳು.

"ನಿನ್ನೆ ಸಂಜೆಯಿಂದ" ಎಂದ ಡೆಲ್ಮರ್. ಅಂದು ಅಲ್ಲಿಯವರೆಗೆ ಅವನು ಆಡಿದ ಮಾತುಗಳಲ್ಲಿ ನಿಜವಾಗಿದ್ದು ಅದೊಂದೇ.

ಕಾವಲಿಯಲ್ಲಿ ವಾರದ ಹಿಂದಿನ ಮಳೆಯ ನೀರು ಪಾದ ಮುಳುಗುವಷ್ಟು ನಿಂತಿತ್ತು. ರಾತ್ರಿಯ ಚಳಿಗೆ ಅದರ ಮೇಲೆ ಕಿಟಕಿಗಾಜಿನಂಥ ಮಂಜುಗಡ್ಡೆ ಕಟ್ಟಿತ್ತು. ಅಜ್ಜಿಯರೆಲ್ಲ ಅದರೊಳಗಿಂದ ತಲೆ ಹೊರಹಾಕಿ ಕೂತಿದ್ದರು. ಡಾಕ್ಟರ್ ಪೆಲ್ಹಮ್ ದಿಣ್ಣೆಯ ಮೇಲೆ ನಿಂತು, ಯಾರೂ ಕೆಳಗಿಳಿಯಕೂಡದು, ಕೆಸರಿನ ಮೇಲಿನ ಗುರುತುಗಳೆಲ್ಲ ಕೆಟ್ಟುಹೋಗುತ್ತವೆ ಎಂದು ಅಪ್ಪಣೆ ಮಾಡಿದರು. ಅವರ ಬಳಿ ಚಿತ್ರ ತೆಗೆದ ಕೂಡಲೇ ಹೊರಹಾಕುವ ಹೊಸ ಬಗೆಯ ಕ್ಯಾಮೆರಾ ಇತ್ತು. ಅಜ್ಜಿ ಎದ್ದುಹೋದ ಜಾಗದ ಚಿತ್ರ ತನಗೆ ಬೇಕೆಂದು ಲವೀನಿಯಾ ಅದನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡಳು. ಪ್ರತಿಯಾಗಿ ಅವಳು ತಂದಿದ್ದ, ಸೇಬಿನ ಹೂರಣ ತುಂಬಿ ಬೇಯಿಸಿದ ಪೈ ತಟ್ಟೆ ಡಾಕ್ಟರರ ಕೈಸೇರಿತು. ಅವರು ಕಾಫಿಯ ಫ್ಲಾಸ್ಕ್ ಹುಡುಕಿಕೊಂಡು ಗಾಡಿಗಳ ಮರೆಗೆ ಹೋದರು. ಊರವರು ಕಾಫಿಯ ಹಿಂದೆ ಹೋದರು.

ಡೆಲ್ಮರನಿಗೆ ಬೇಕಾಗಿದ್ದು ಇದೇ. ತನಗೆ ತುರ್ತಾಗಿ ಬಂಡೆಯ ಮರೆಗೆ ಹೋಗಬೇಕಾಗಿದೆ ಎಂದು ಹಾಯ್ಟ್‌ನ ಕಿವಿಯಲ್ಲಿ ಹೇಳಿದ. ಹಾಯ್ಟ್ ಎರಡು ಹೆಜ್ಜೆ ಹಿಂದೆ ಸರಿದು, "ಹೋಗು ಮಾರಾಯ, ಆದಷ್ಟು ದೂರ ಹೋಗು" ಎಂದ.

ಬಂಡೆಯ ಹಿಂದಿನಿಂದ ಸುತ್ತುಹಾಕಿ ಅವನು ನೀರಿಗಿಳಿದ. ಮಂಜಿನ ಪದರ ಬೂಟಿನಡಿ ಹಪ್ಪಳದಂತೆ ಮುರಿಯಿತು. ಗೀರು ಮುಗಿದಿದ್ದ ಕಡೆ ಹೋಗಿ, ಯೂಫೀಮಿಯಾಳನ್ನು ಕೋಟಿನಿಂದ ಹೊರತೆಗೆದು, ಮೊದಲಿದ್ದಂತೆಯೇ ಕೂರಿಸಿ, ಕೆಸರು ಮೆತ್ತಿ, ಸೊಂಟ ನೆಟ್ಟಗೆ ಮಾಡಿದ. ಇನ್ನು ಹೋಗಿ ಎಲ್ಲರಂತೆ ಕಾಫಿ ಕುಡಿಯುವುದಷ್ಟೇ ಬಾಕಿ.

ಆಗ ಒಂದು ಸದ್ದು ಕೇಳಿತು. ಯಾರೋ ಇಡೀ ಊರಿನ ಹಪ್ಪಳಗಳನ್ನು ಒಟ್ಟಿಗೆ ಮುರಿದ ಹಾಗೆ. ಬಿಸಿಲು ಏರಿತ್ತು. ಕಾವಲಿಯ ಉದ್ದಗಲಕ್ಕೂ ಮಂಜು ಬಿರುಕು ಬಿಡುತ್ತಿತ್ತು. ಬೀಸಿದ್ದು ಕೂದಲು ಕೆದರುವಷ್ಟೂ ಬಲವಿಲ್ಲದ ಗಾಳಿ.

ಎದುರಿಗಿದ್ದ ಕಲ್ಲು ಸ್ವಲ್ಪ ಎಡಕ್ಕೆ ಹೋದಂತಾಯಿತು. ಡೆಲ್ಮರ್ ಕಣ್ಣುಜ್ಜಿಕೊಂಡ. ನಿಂತ ರೈಲಿನಲ್ಲಿ ಕೂತವನಿಗೆ ಪಕ್ಕದ ರೈಲು ಹೊರಟಾಗ ಆಗುವಂತೆ, ತಾನು ಸರಿಯುತ್ತಿದ್ದೇನೋ ಕಲ್ಲು ಸರಿಯುತ್ತಿದೆಯೋ ತಿಳಿಯದೆ ಕಾಲು ಗಟ್ಟಿಯಾಗಿ ಊರಿದ. ಹಾಯ್ಟ್ ಹೇಳಿದಂತೆ ಭೂಮಿಯೇ ಹೊರಟಿತೇ ಎಂದು ಒಂದು ಕ್ಷಣ ನಿಜವಾಗಿಯೂ ಹೆದರಿದ. ಇಲ್ಲ, ಭೂಮಿ ನಿಂತಿತ್ತು. ಕಲ್ಲೇ ಹೋಗುತ್ತಿತ್ತು. ಕಾಲ ಬಳಿಯ ಯೂಫೀಮಿಯಾ ಕೂಡ ತಾನು ರಾತ್ರಿಯಿಡೀ ಕೋಸಿನಲ್ಲಿದ್ದುದನ್ನು ಲೆಕ್ಕಿಸದೆ, ಯಾರೂ ಮುಟ್ಟದೆ, ಕೆಸರಿನಲ್ಲಿ ಹೊಸ ಗೀರೆಳೆಯುತ್ತಾ ಅವನಿಂದ ದೂರ ಹೊರಟಳು.

ಒಂದಲ್ಲ, ಎರಡಲ್ಲ. ಆಚೆ ತುದಿಯ ಒಬ್ಬಳನ್ನು ಬಿಟ್ಟು ಕಾವಲಿಯ ಅಜ್ಜಿಯರೆಲ್ಲ ಭಾನುವಾರ ಚರ್ಚು ಬಿಟ್ಟಮೇಲೆ ಮನೆಗೆ ಹೋಗುವವರಂತೆ, ಅವಸರವಿಲ್ಲದೆ, ಒಂದೇ ದಿಕ್ಕಿಗೆ ನಡೆದಿದ್ದರು.

ಡೆಲ್ಮರನಿಗೆ ಜೈಲು ಮರೆತುಹೋಯಿತು. ಹುಟ್ಟಿದಾಗಿನಿಂದ ಕೇಳಿದ್ದನ್ನು, ಅಪ್ಪನೂ ತಾತನೂ ಕಾಣದೆ ಸತ್ತದ್ದನ್ನು ಅವನು ನೋಡುತ್ತಿದ್ದ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಓಡಿದ. ಬಗ್ಗಿ ನೋಡಿದ. ಅಡಿಗೆ ಕೈಯಿಟ್ಟು ಹಗ್ಗವೇನಾದರೂ ಇದೆಯೇ ಎಂದು ತಡವಿದ. ಮುಂದೆ ಹೋಗಿ ಎದುರಿಗೆ ಕೂತ, ಹಿಂದೆ ಬಂದು ನಿಂತ. ಕೂಗಿದರೆ ನಿಂತುಬಿಡುತ್ತವೋ ಎಂದು ಮೊದಲು ಕೂಗಲಿಲ್ಲ. ಆಮೇಲೆ ತಡೆಯಲಾರದೆ, "ಬನ್ರೋ, ಎಲ್ಲಾ ಬನ್ನಿ, ಹೋಗ್ತಾ ಇವೆ" ಎಂದು ಎರಡು ಕೈ ಎತ್ತಿ ಕೂಗಿದ.

ಜನ ಕಾಫಿ ಬಿಟ್ಟು, ದಿಣ್ಣೆಯಿಳಿದು, ಏದುಸಿರು ಬಿಡುತ್ತಾ ದಂಡೆಗೆ ಬರುವಷ್ಟರಲ್ಲಿ ಗಾಳಿ ನಿಂತಿತ್ತು. ಕಲ್ಲುಗಳೂ ನಿಂತಿದ್ದವು.

ಅವರು ಕಂಡದ್ದು ಇಷ್ಟು: ಕಲ್ಲುಗಳ ನಡುವೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡ ಡೆಲ್ಮರ್ ಸ್ಟಬ್ಸ್. ಹೆಚ್ಚುಕಡಿಮೆ ಪ್ರತಿ ಕಲ್ಲಿನ ಹಿಂದೆ ಹೊಚ್ಚಹೊಸ ಗೀರು. ಪ್ರತಿ ಗೀರಿನ ಪಕ್ಕದಲ್ಲಿ ಡೆಲ್ಮರನ ಬೂಟಿನ ಗುರುತು. ಕಳೆದುಹೋಗಿದ್ದ ಯೂಫೀಮಿಯಾ ಅವನಿಂದ ಮಾರು ದೂರದಲ್ಲಿ.

ಡಾಕ್ಟರ್ ಪೆಲ್ಹಮ್‌ರ ಮುಖದಲ್ಲಿ ಪೈ ತಿಂದಾಗಲೂ ಬಾರದಿದ್ದ ಕಳೆ ಬಂತು. "ಏನಪ್ಪಾ, ಕಲ್ಲು ಮುಟ್ಟಿದ್ದು ನೀನೇ ತಾನೆ?"

"ಒಂದನ್ನ ಮಾತ್ರ ಸಾರ್. ನಿನ್ನೆ ಕೋಸಿಗೆ ಅಂತ ತಗೊಂಡು ಹೋಗಿದ್ದೆ, ಈಗ ತಂದಿಟ್ಟೆ. ಮಿಕ್ಕಿದ್ದೆಲ್ಲ ತಾವಾಗೇ ಹೋದವು."

"ಒಂದನ್ನ ನೀನು ಹೊತ್ತೆ, ಮಿಕ್ಕಿದ್ದೆಲ್ಲ ತಾವಾಗೇ ಹೋದವು."

"ಹೌದು ಸಾರ್."

"ನೀನು ಒಬ್ಬನೇ ಇದ್ದಾಗ."

ಡೆಲ್ಮರ್ ಯೋಚಿಸಿದ. ಅದೂ ನಿಜವೇ. ಅವನಿಗೇ ಯಾಕೋ ತನ್ನ ಮೇಲೆ ಅನುಮಾನ ಹುಟ್ಟತೊಡಗಿತ್ತು.

ಅಷ್ಟರಲ್ಲಿ ದಿಣ್ಣೆಯ ಮೇಲಿಂದ ಲವೀನಿಯಾ ಇಳಿದು ಬಂದಳು. ಅವಳು ಅಲ್ಲೇ ನಿಂತು ಚಿತ್ರ ತೆಗೆಯುತ್ತಲೇ ಇದ್ದಳಂತೆ, ಒಂದಾದಮೇಲೊಂದು, ಸುರುಳಿ ಮುಗಿಯುವವರೆಗೂ. ಡೆಲ್ಮರನಿಗೆ ಹೋದ ಜೀವ ಬಂತು. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ. ಕಲ್ಲುಗಳು ನಡೆದದ್ದನ್ನು ನೀವು ನೋಡಿದಿರಲ್ಲ ಎಂದು ಅವಳನ್ನೇ ಕೇಳಿದ. ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತದೆಂದು ಹಾಕದ ಲವೀನಿಯಾಳಿಗೆ ಅಷ್ಟು ದೂರದಿಂದ ಕಂಡದ್ದು ಓಡಾಡುವ ಕಪ್ಪು ಚುಕ್ಕೆಯೊಂದು ಮಾತ್ರ. ಆದರೇನು, ಚಿತ್ರಗಳು ಇದ್ದವಲ್ಲ. ಡಾಕ್ಟರ್ ಅವನ್ನು ಟ್ಯಾಂಕರಿನ ಬಾನೆಟ್ ಮೇಲೆ ಸಾಲಾಗಿ ಹರಡಿದರು. ಊರೆಲ್ಲ ಬಗ್ಗಿತು.

ಮೊದಲ ಚಿತ್ರದಲ್ಲಿ ಕಲ್ಲುಗಳು ಒಂದು ಕಡೆ ಇದ್ದವು, ಡೆಲ್ಮರ್ ಒಂದರ ಹಿಂದೆ ಬಗ್ಗಿ ನಿಂತಿದ್ದ. ಎರಡನೆಯದರಲ್ಲಿ ಕಲ್ಲುಗಳು ಸ್ವಲ್ಪ ಮುಂದೆ, ಡೆಲ್ಮರ್ ಇನ್ನೊಂದರ ಅಡಿಗೆ ಕೈಹಾಕಿದ್ದ. ಮೂರನೆಯದರಲ್ಲಿ ಇನ್ನೂ ಮುಂದೆ. ಡೆಲ್ಮರ್ ಪ್ರತಿ ಚಿತ್ರದಲ್ಲೂ ಹೊಲದಲ್ಲಿ ಕಳೆ ಕೀಳುವವನಷ್ಟು ದುಡಿಯುತ್ತಿದ್ದ. ಕಲ್ಲುಗಳು ಸರಿದದ್ದರಲ್ಲಿ ಸಂಶಯವೇ ಇರಲಿಲ್ಲ. ಸರಿಸಿದವನು ಯಾರೆಂಬುದರಲ್ಲಿ ಅದಕ್ಕಿಂತಲೂ ಇರಲಿಲ್ಲ.

ಡಾಕ್ಟರ್ ಚಿತ್ರಗಳನ್ನು ಜೋಪಾನವಾಗಿ ಜೇಬಿಗಿಳಿಸಿದರು. ತಾವು ಪೊಲೀಸರ ತನಕ ಹೋಗುವುದಿಲ್ಲವೆಂದೂ, ಇಷ್ಟು ಶ್ರಮಪಟ್ಟವನನ್ನು ಜೈಲಿಗೆ ಹಾಕಿಸಲು ಮನಸ್ಸು ಬಾರದೆಂದೂ ಹೇಳಿದರು. ಆದರೆ ಸೋಜಿಗ ಎಂದು ತಾವಂತೂ ಬರೆಯುವುದಿಲ್ಲ ಎಂದರು. ಕಾರು ಹತ್ತುವ ಮುಂಚೆ ಡೆಲ್ಮರನ ಕೈಕುಲುಕಿ, ಮೂಗು ಸುಕ್ಕಿಸಿ, ತಮ್ಮ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಕಾರಿನ ಜೊತೆ ಟಾರು ರಸ್ತೆಯೂ ಧೂಳೆಬ್ಬಿಸಿಕೊಂಡು ಹೋಯಿತು.

ಊರವರು ಈಗ ತನ್ನ ಮೂಳೆ ಮುರಿಯುತ್ತಾರೆಂದು ಡೆಲ್ಮರ್ ಕಣ್ಣು ಮುಚ್ಚಿಕೊಂಡ. ಯಾರೋ ಅವನನ್ನು ಬಿಗಿಯಾಗಿ ಅಪ್ಪಿಕೊಂಡರು. ಕಣ್ಣುಬಿಟ್ಟರೆ ಲವೀನಿಯಾ.

"ಇಷ್ಟು ವರ್ಷ ಯಾರಿಗೂ ಹೇಳದೆ ನಮ್ಮಜ್ಜೀನ ಇಷ್ಟು ದೂರ ಕರ್ಕೊಂಡು ಬಂದ್ಯಲ್ಲಪ್ಪಾ. ನಮ್ಮ ಮನೇವ್ರ ಮೇಲೆ ನಿನಗೆ ಇಷ್ಟು ಗೌರವ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ." ಇನ್ನು ಮೇಲೆ ಅವನಿಗೆ ತನ್ನ ಹೋಟೆಲಿನಲ್ಲಿ ಸಾಯುವವರೆಗೂ ಪೈ ಪುಕ್ಕಟೆ ಎಂದೂ ಎಲ್ಲರೆದುರಿಗೇ ಸಾರಿದಳು.

ಅಷ್ಟು ಸಾಕಾಯಿತು. ರಸ್ತೆ ಹೋದ ದುಃಖ ಎಲ್ಲರಿಗೂ ಮರೆತುಹೋಯಿತು. ಹಾಯ್ಟ್ ಅವನನ್ನು ಪಕ್ಕಕ್ಕೆ ಕರೆದು, ತಾನು ಇಷ್ಟು ವರ್ಷ ಟೈರಿಗೆ ಪುಕ್ಕಟೆ ಗಾಳಿ ಹಾಕಿದವನಾದರೂ ತನ್ನ ಸೋದರತ್ತೆಯ ಕಲ್ಲು ಸುತ್ತಿ ಸುತ್ತಿ ಹೊರಟಲ್ಲಿಗೇ ಯಾಕೆ ಬಂದಿದೆ, ಇದೇನು ಅಣಕವೇ ಎಂದು ಕೇಳಿದ. ಇನ್ನೊಬ್ಬ, ತನ್ನ ಅಜ್ಜಿಯೂ ಪಕ್ಕದ ಮನೆಯ ಅಜ್ಜಿಯೂ ಬದುಕಿದ್ದಾಗ ಮಾತು ಬಿಟ್ಟವರು, ಅವರಿಬ್ಬರನ್ನೂ ತಂದು ಅಕ್ಕಪಕ್ಕ ಕೂರಿಸಿದ್ದು ಬೇಕೆಂದೇ ತಾನೆ ಎಂದ. ಇವೆಲ್ಲ ತಾನು ಹುಟ್ಟುವ ಮೊದಲಿನ ಗೀರುಗಳು ಎಂದು ಡೆಲ್ಮರ್ ಅಂಗಲಾಚಿದ. ಹಾಗಾದರೆ ಅವನ ಅಪ್ಪನೂ ಅಂಥವನೇ ಎಂದು ತೀರ್ಮಾನವಾಯಿತು.

ಸಂಜೆ ಮನೆಗೆ ಬಂದಾಗ ಸುದ್ದಿ ಅವನಿಗಿಂತ ಮೊದಲೇ ಬಂದು ಊಟ ಮಾಡಿ ಹೋಗಿತ್ತು. ಓಪಲ್ ಮೇಜಿನ ಮುಂದೆ ಕೂತಿದ್ದಳು. ಬೈಗುಳಕ್ಕೆ ಅವನು ತಯಾರಾಗಿಯೇ ನಿಂತ. ಅವಳು ಬೈಯಲಿಲ್ಲ. ಅವಳ ಕಣ್ಣುಗಳು ಕೆಂಪಾಗಿದ್ದವು.

"ನಮ್ಮಮ್ಮ ನಿನಗೇನು ಮಾಡಿದ್ಲು, ಡೆಲ್ಮರ್?"

ಅವನಿಗೆ ಅರ್ಥವಾಗಲಿಲ್ಲ.

"ಅಮ್ಮನ ಕಲ್ಲು ಅವಳು ತೀರಿಕೊಂಡಾಗಿಂದ ಒಂದು ಗೇಣೂ ಮುಂದೆ ಹೋಗಿಲ್ಲ. ಆ ಲವೀನಿಯಾ ಅಜ್ಜೀನ ಅರ್ಧ ಕಾವಲಿ ದಾಟಿಸಿದೀಯ. ಇವತ್ತು ಎಲ್ಲರದ್ದನ್ನೂ ಸರಿಸಿದೀಯಂತೆ, ಅಮ್ಮನ್ನ ಒಬ್ಬಳನ್ನ ಬಿಟ್ಟು. ಅವಳನ್ನ ಕಂಡ್ರೆ ನಿನಗಾಗ್ತಿರ್ಲಿಲ್ಲ ಅಂತ ನನಗೆ ಗೊತ್ತಿತ್ತು. ಆದ್ರೆ ಸತ್ತಮೇಲೂ..."

ಅತ್ತೆಯ ಕಲ್ಲು ಅಂದು ಅಲುಗಾಡದೆ ಕೂತಿದ್ದನ್ನು ಡೆಲ್ಮರ್ ಕೂಡ ಗಮನಿಸಿದ್ದ. ಎಲ್ಲ ಕಲ್ಲುಗಳೂ ತಾವಾಗಿಯೇ ಹೋದವು, ಅತ್ತೆ ಮಾತ್ರ ಹೋಗಲಿಲ್ಲ ಎಂದು ನಿಜವನ್ನೇ ಹೇಳಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಇಡೀ ಜಗತ್ತಿನಲ್ಲಿ ತಾನೊಬ್ಬನೇ ಕಂಡ ಆ ಸತ್ಯವನ್ನು ಅಲ್ಲೇ ನುಂಗಿಕೊಂಡ.

"ನಾಳೆ ಸರಿಸ್ತೀನಿ" ಎಂದ.

ಓಪಲ್ ಕಣ್ಣೊರಸಿಕೊಂಡಳು. ಆ ದಿನ ಮೊದಲ ಬಾರಿಗೆ ನಕ್ಕಳು. "ಯೂಫೀಮಿಯಾಗಿಂತ ಮುಂದಕ್ಕೆ?"

"ಯೂಫೀಮಿಯಾಗಿಂತ ಮುಂದಕ್ಕೆ."

ಅವಳು ಎದ್ದು ಅವನಿಗೆ ಬಿಸಿ ಸಾರು ಬಡಿಸಿದಳು. ಡೆಲ್ಮರ್ ಚಮಚ ಹಿಡಿದು ಲೆಕ್ಕ ಹಾಕತೊಡಗಿದ. ಅತ್ತೆಯ ಕಲ್ಲು ಒಂದು ಕೋಣದಷ್ಟಿತ್ತು, ಕೂತಿದ್ದದ್ದು ಕಾವಲಿಯ ಆಚೆ ತುದಿಯಲ್ಲಿ. ಯೂಫೀಮಿಯಾ ಇದ್ದದ್ದು ಊರ ಕಡೆಯ ದಂಡೆಯಲ್ಲಿ.